ಕಮಲಾಪುರದ ವಾಡೆಯ ಎರಡು ಅಂಕಣ

ನಾನು ನಿಂತಿದ್ದು ಕಮಲಾಪುರದ ಗೌಡರ ವಾಡೆಯ ಅಂಗಳದಲ್ಲಿ. ಬೇವಿನ ಮರ ನನ್ನ ಬೆನ್ನಿಗಿತ್ತು. ಮಾಳಿಗೆ ಹತ್ತುವ ಮೆಟ್ಟಿಲಿನ ಬಾಗಿಲು ಬಲಗಡೆ ಒಂಬತ್ತು ಹೆಜ್ಜೆ ದೂರದಲ್ಲಿತ್ತು. ಮುಖ ಪಶ್ಚಿಮಕ್ಕೆ, ಅಂದರೆ ಪಡಸಾಲೆಯ ಕಡೆಗೆ. ಸಾವಿರದ ಒಂಬೈನೂರ ಎಂಬತ್ತೇಳರ ಡಿಸೆಂಬರ್, ಎಳ್ಳಮಾವಾಸ್ಯೆ ಕಳೆದ ಮೇಲಿನ ಭಾನುವಾರ. ನನ್ನ ಕೈಗಡಿಯಾರದಲ್ಲಿ ಹನ್ನೊಂದು ಹೊಡೆದು ಇಪ್ಪತ್ತು ನಿಮಿಷ. ಆ ಗಡಿಯಾರ ಎರಡು ನಿಮಿಷ ಮುಂದಿರುತ್ತಿತ್ತು.

ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಆ ದಿನದ ಸುದ್ದಿಯನ್ನು ನಾನು ಬೇರೆಯವರ ಬಾಯಲ್ಲಿ ಮೂರು ಥರ ಕೇಳಿದ್ದೇನೆ. ಇಡೀ ವಾಡೆ ಕುಸಿಯಿತು ಎಂದು ಒಬ್ಬರು. ಇಬ್ಬರು ಸತ್ತರು ಎಂದು ಇನ್ನೊಬ್ಬರು. ಕಲಬುರ್ಗಿಯ ಜಗತ್ ಸರ್ಕಲ್ಲಿನ ಚಹಾದಂಗಡಿಯಲ್ಲಿ ಒಬ್ಬಾತ ನನ್ನೆದುರಿಗೇ ಕೂತು, ಏನೂ ಬಿದ್ದಿರಲಿಲ್ಲ, ಪೇಪರಿನವರು ಹುಟ್ಟಿಸಿದ್ದು ಎಂದ. ಮೂರೂ ಸರಿಯಲ್ಲ.

ಹೋದ ತಿಂಗಳು ಜಗತ್ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದೆ. ಒಂದು ಹಳೇ ಮನೆ ಕೆಡವುತ್ತಿದ್ದರು. ಒಣಗಿದ ಬೇವಿನ ಸೊಪ್ಪು, ಗೆದ್ದಲು ತಿಂದ ಕಟ್ಟಿಗೆ, ನೂರು ವರ್ಷ ಬಿಸಿಲಲ್ಲಿ ಕಾದ ಮಾಳಿಗೆ ಮಣ್ಣು ಮೂರೂ ಕೂಡಿದ ವಾಸನೆ ಮೂಗಿಗೆ ಬಂತು. ಒಂದು ಕಿರಾಣಿ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಅಂಗಡಿಯವನು ನೀರು ಕೊಟ್ಟು, "ಶುಗರ್ ಅದ ಏನ್ರಿ ಅಜ್ಜಾರ?" ಎಂದು ಕೇಳಿದ. ಇಲ್ಲ ಎಂದೆ. ಮನೆಗೆ ಬಂದವನೇ ಈ ಬರಹ ಶುರುಮಾಡಿದೆ.

ಆಗ ನಾನು ಗುಲ್ಬರ್ಗದ ಒಂದು ಸಣ್ಣ ತಾಂತ್ರಿಕ ಶಾಲೆಯಲ್ಲಿ ನಕ್ಷೆ ಬರೆಯುವುದನ್ನು ಕಲಿಸುತ್ತಿದ್ದೆ. ಊರಿಗೆ ಸರಕಾರಿ ಕಾಗದದಲ್ಲಿ ಗುಲ್ಬರ್ಗ ಎಂದು ಹೆಸರು. ನಮ್ಮ ಬಾಯಲ್ಲಿ ಆಗಲೂ ಕಲಬುರ್ಗಿಯೇ. ಎಲ್ಲರೂ ನನ್ನನ್ನು ಬಸಣ್ಣ ಮಾಸ್ತರ ಎನ್ನುತ್ತಿದ್ದರು. ಊರಿನ ಕಟ್ಟಡಗಳನ್ನು ಊರವರಿಗೆ ಪುಕ್ಕಟೆ ತೋರಿಸಬೇಕು ಎಂಬ ಹುಚ್ಚು ಮಾತ್ರ ನನ್ನದಲ್ಲ, ಖಾದ್ರಿ ಸಾಹೇಬರದು. ಅವರು ನಿವೃತ್ತ ಓವರ್‌ಸಿಯರ್. ಮೂವತ್ತೈದು ವರ್ಷ ರಸ್ತೆ, ಸೇತುವೆ, ಕಚೇರಿ ಕಟ್ಟಿಸಿದವರು. ಬಿಳೀ ಗಡ್ಡ, ಕೈಯಲ್ಲಿ ಸದಾ ಮಡಿಸುವ ಅಳತೆಕೋಲು.

"ನೋಡ್ರಿ ಮಾಸ್ತರ್," ಎಂದಿದ್ದರು ಆ ದೀಪಾವಳಿ ಕಳೆದ ಮೇಲೆ, ನಮ್ಮ ಮನೆಯ ಕಟ್ಟೆ ಮೇಲೆ ಕೂತು. "ಕೋಟೆ, ಗುಂಬಜ್, ಎಲ್ಲಾ ಜನ ನೋಡ್ಯಾರ. ಅದೆಲ್ಲ ಸತ್ತವರ ಮನಿ. ಬದುಕಿದವರ ಮನಿ ಯಾರು ನೋಡ್ಯಾರ? ಬಾಗ್ಲಾ ತೆಗೀಬೇಕು. ಟಿಕೀಟ್ ನಹೀ, ಭಾಷಣ ನಹೀ. ಬರೋದು, ನೋಡೋದು, ಹೋಗೋದು."

"ಯಾರ ಒಪ್ತಾರ ಸಾಹೇಬ್ರ?"

"ನಾ ಕೇಳ್ತೀನಿ. ಮುದುಕ ಕೇಳಿದ್ರ ಇಲ್ಲ ಅನ್ನಾಕ ಜನಕ್ಕ ನಾಚಿಕಿ."

ಹಾಗೆ ಒಪ್ಪಿಸಿದ್ದು ನಾಲ್ಕು ಕಟ್ಟಡ. ನಾಲ್ಕು ಭಾನುವಾರ. ಪ್ರತಿ ಕಟ್ಟಡವನ್ನೂ ಮೊದಲೇ ಅಳೆದು, ನಕ್ಷೆ ಬರೆದು, ಬಂದವರಿಗೆ ಕಾಣುವಂತೆ ಗೋಡೆಗೆ ತೂಗುಹಾಕುವುದು ನನ್ನ ಕೆಲಸ.

ಮೊದಲನೆಯದು ಸ್ಟೇಶನ್ ಬಜಾರದಲ್ಲಿ ಮುಚ್ಚಿಹೋಗಿದ್ದ ಒಂದು ಹತ್ತಿ ಗಿರಣಿ. ಬೆಳಿಗ್ಗೆ ಎಂಟರಿಂದ ಬಾಗಿಲು ತೆಗೆದು ಕೂತರೂ ಹತ್ತರ ತನಕ ಒಬ್ಬರೂ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

"ಒಳಗ ಏನು ಮಾರ್ತೀರಿ?"

"ಏನೂ ಮಾರೂದಿಲ್ಲ. ನೋಡ್ರಿ, ಹೋಗ್ರಿ."

"ಹಂಗಾದ್ರ ಎಲೆಕ್ಷನ್ನಿಗೆ ಯಾರು ನಿಂತಾರ?"

ಕೊನೆಗೆ ಒಳಗೆ ಕಾಲಿಟ್ಟವನು ಒಬ್ಬ ಹಮಾಲ. ಇಪ್ಪತ್ತು ವರ್ಷ ಅದೇ ಗಿರಣಿಯ ಬಾಗಿಲಿನ ತನಕ ಹತ್ತಿಯ ಅಂಡಿಗೆ ಹೊತ್ತವನು. ಮೇಲಿನ ಮಾಲೀಕರ ಕೋಣೆಗೆ ಹೋಗಿ, ಕಮಾನಿನ ಕಿಟಕಿಯಲ್ಲಿ ಕೈಯೂರಿ, ಬಹಳ ಹೊತ್ತು ನಿಂತ. ಇಳಿದು ಬಂದು, "ಇಲ್ಲಿಂದ ನಾವು ಇರಿವಿಯಂಗ ಕಾಣ್ತಿದ್ವಿ ಅನ್ನು," ಎಂದ. ಸಿಟ್ಟಿನಿಂದಲ್ಲ. ಅಳತೆ ಹೇಳಿದವನ ಹಾಗೆ. ಮಧ್ಯಾಹ್ನ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮತ್ತೆ ಬಂದ.

ಎರಡನೆಯದು ರೋಜಾ ಬಡಾವಣೆಯಲ್ಲಿ ಒಂದು ದೇವಡಿ, ನಿಜಾಮನ ಕಾಲದ ದೊಡ್ಡ ಮನೆ. ಗಂಡಸರಿಗೆ ಹೊರಗಿನ ದಿವಾನಖಾನೆ, ಹೆಂಗಸರಿಗೆ ಮಾತ್ರ ಒಳಗಿನ ಜನಾನಾ. ಆ ಮನೆಯ ಸೊಸೆ ಶಾಹಿದಾ, ಮದುವೆಯಾಗಿ ಎರಡು ವರ್ಷವಾಗಿತ್ತು, ಹೆಂಗಸರಿಗೆ ಒಂದೊಂದು ಕಮಾನನ್ನೂ ತೋರಿಸಿ ಹೇಳುತ್ತಿದ್ದದ್ದು ಗೋಡೆಯಾಚೆಯಿಂದ ನಮಗೂ ಕೇಳುತ್ತಿತ್ತು. ನಾನು ಅಳೆಯಲಾಗದ ಆ ಒಳಮನೆಯನ್ನು ಅವಳೇ ಅಳೆದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಒಂದು ಅಂಗುಲವೂ ತಪ್ಪಿರಲಿಲ್ಲ. ಮೂರನೆಯದು ಊರೊಳಗಿನ ಹಳೇ ಕಚೇರಿ. ಅಷ್ಟರಲ್ಲಿ ಜನಕ್ಕೆ ರುಚಿ ಹತ್ತಿತ್ತು.

ನಾಲ್ಕನೇ ಭಾನುವಾರ ಎಳ್ಳಮಾವಾಸ್ಯೆ. ಅವತ್ತು ಈ ಸೀಮೆಯಲ್ಲಿ ಯಾರೂ ಮನೆಯಲ್ಲಿರುವುದಿಲ್ಲ. ಸಜ್ಜಿ ಕಡುಬು, ಭಜ್ಜಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ. ಹಾಗಾಗಿ ಕೊನೆಯ ಕಟ್ಟಡವನ್ನು ಒಂದು ವಾರ ಮುಂದೆ ಹಾಕಿದೆವು. ಅದೇ ಕಮಲಾಪುರದ ವಾಡೆ. ಆ ವಾರದ ನಡುವೆ, ಗುರುವಾರ, ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು. ತೊಗರಿ ಕೊಯ್ದು ರಾಶಿ ಹಾಕಿದವರು ಬೈದರು. ನಾನು ಆ ಮಳೆಯನ್ನು ಡೈರಿಯಲ್ಲಿ ಬರೆದೆ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಾಡೆ ತುಂಬಿದ ಮನೆ. ಗೌಡರು, ಅವರ ಮೂವರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಆಳುಕಾಳು. ಎಲ್ಲರ ಮೇಲೆ ಗೌಡರ ಹೆಂಡತಿ ನೀಲಮ್ಮ ಗೌಡಶಾನಿ. ಅರವತ್ತೈದರ ಹತ್ತಿರದ ವಯಸ್ಸು, ಎತ್ತರದ ಹೆಂಗಸು. ಮೆಲ್ಲಗೆ ಮಾತಾಡುತ್ತಿದ್ದರು, ಎದುರಿನವರು ಅದಕ್ಕಿಂತ ಮೆಲ್ಲಗೆ ಮಾತಾಡಬೇಕಾಗುತ್ತಿತ್ತು. ಅಳೆಯಲು ಮೊದಲ ಸಲ ಹೋದಾಗ ನನ್ನನ್ನು ತಾವೇ ಮಾಳಿಗೆ ಮೇಲೆ ಕರೆದೊಯ್ದರು.

ಮಾಳಿಗೆ ಮನೆಯನ್ನು ಕಾಣದವರಿಗೆ ಹೇಳುತ್ತೇನೆ. ಎರಡು ಗೋಡೆಗಳ ನಡುವೆ ದಪ್ಪ ತೊಲೆ, ತೊಲೆಯಿಂದ ತೊಲೆಗೆ ಸಣ್ಣ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮಣ್ಣು. ಎರಡು ತೊಲೆಗಳ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತಾರೆ. ವಾಡೆಯ ಪಡಸಾಲೆಗೆ ಐದು ಅಂಕಣ. ಮಳೆಗಾಲದ ಮುಂಚೆ ಪ್ರತಿ ವರ್ಷ ಮಾಳಿಗೆಗೆ ಹೊಸದಾಗಿ ಸವುಳು ಮಣ್ಣು ಹಾಕಬೇಕು, ಇಲ್ಲದಿದ್ದರೆ ಸೋರುತ್ತದೆ. ತಿಳಿದವರು ಹಳೇ ಮಣ್ಣು ಕೆರೆದು ತೆಗೆದು ಹೊಸದು ಹಾಕುತ್ತಾರೆ. ಈ ಮನೆಯಲ್ಲಿ ತೆಗೆಯುತ್ತಿರಲಿಲ್ಲ.

ಯಾಕೆಂದು ಗೌಡಶಾನಿಯೇ ಹೇಳಿದರು. ಮಾಳಿಗೆಯ ನಡುವೆ ಬೆಳಕಿಂಡಿ ಇತ್ತು, ಪಡಸಾಲೆಗೆ ಬೆಳಕು ಬೀಳುವ ಚೌಕದ ಕಿಂಡಿ. ಅದರ ಅಂಚಿನಲ್ಲಿ ಮಣ್ಣು ಕತ್ತರಿಸಿದ ರೊಟ್ಟಿಯ ಹಾಗೆ ಪದರ ಪದರವಾಗಿ ಕಾಣುತ್ತಿತ್ತು. ಒಂದು ಕೆಂಪಗೆ, ಒಂದು ಬೂದು, ಒಂದು ಹಳದಿ.

"ಈ ಮನಿಗೆ ಸೊಸಿ ಬಂದ ವರ್ಷ ಮೊದಲ ಬುಟ್ಟಿ ಮಣ್ಣು ಆಕಿ ಕೈಲೆ ಹಾಕಸ್ತೀವ್ರಿ. ಆಕಿ ತವರೂರ ಮಣ್ಣು ತರಬೇಕು," ಎಂದರು. ಬಾಗಿ, ಒಂದೊಂದೇ ಪದರದ ಮೇಲೆ ಬೆರಳಿಟ್ಟು ತೋರಿಸಿದರು. "ಮ್ಯಾಲಿಂದು ಸೊಸಿಯಂದ್ರದು. ಇದು ನಂದು. ಇದು ನಮ್ಮತ್ತಿ ಕಾಶಮ್ಮಂದು. ಇದು ಅವರತ್ತೀದು. ಇದು ಅವರತ್ತೀದು, ಹೆಸರು ಸಂಗಮ್ಮ ಅಂತ, ನಾ ನೋಡಿಲ್ಲ, ಮಣ್ಣು ನೋಡೀನಿ. ಅತ್ತಿ ಹಾಕಿದ್ದು ಸೊಸಿ ಹ್ಯಾಂಗ ಕೆರೀಬೇಕ್ರಿ ಮಾಸ್ತರ?"

ನಾನು ಅಳತೆಪಟ್ಟಿ ಇಳಿಬಿಟ್ಟೆ. ಒಂದೂವರೆ ಮೊಳಕ್ಕಿಂತ ಹೆಚ್ಚು ದಪ್ಪ. ಮುಕ್ಕಾಲು ಮೊಳ ಇರಬೇಕಾದಲ್ಲಿ. ಮತ್ತೆ ಅಳೆದೆ. ಅಷ್ಟೇ ಬಂತು.

ಖಾದ್ರಿ ಸಾಹೇಬರು ಲೆಕ್ಕ ನೋಡಿ ಗಡ್ಡ ಕೆರೆದುಕೊಂಡರು. "ಯಾ ಅಲ್ಲಾ. ಪ್ರೀತಿ ಇಷ್ಟು ವಜ್ಜ ಆಗ್ತದ ಅಂತ ನನಗ ಗೊತ್ತಿರಲಿಲ್ಲ," ಎಂದರು. ತೊಲೆಗಳು ಸಾಗವಾನಿ, ಸದ್ಯಕ್ಕೆ ಗಟ್ಟಿ. ಆದರೆ ಮೇಲೆ ಜನರನ್ನು ಬಿಡುವ ಹಾಗಿಲ್ಲ ಎಂದು ತೀರ್ಮಾನವಾಯಿತು. ಮೆಟ್ಟಿಲಿನ ಬಾಗಿಲು ಉಬ್ಬಿ ಮುಚ್ಚಲು ಬರುತ್ತಿರಲಿಲ್ಲ, ಅದಕ್ಕೆ ಹಗ್ಗ ಅಡ್ಡ ಕಟ್ಟುವುದು. ಹಗ್ಗ ಕಟ್ಟಿದವನು ನಾನು. 'ಮೇಲೆ ಹೋಗಬಾರದು' ಎಂಬ ಹಲಗೆ ಬರೆದವನೂ ನಾನೇ. ಜನ ಹೋದ ಮೇಲೆ ಈ ಬೇಸಿಗೆಯಲ್ಲಿ ಮಣ್ಣು ಇಳಿಸಲು ಗೌಡಶಾನಿಯನ್ನು ಹೇಗಾದರೂ ಒಪ್ಪಿಸುತ್ತೇನೆ ಎಂದು ಸಾಹೇಬರು ಹೇಳಿದರು.

ಆಮೇಲೆ ನಾನು ಒಂದು ನಕ್ಷೆ ಬರೆದೆ. ಅದು ನನ್ನ ಕೈಯಿಂದ ಬಂದ ಅತ್ಯಂತ ಚಂದದ ನಕ್ಷೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಮಾಳಿಗೆಯನ್ನು ಸೀಳಿ ನಿಲ್ಲಿಸಿದ ಹಾಗೆ, ಒಂದೊಂದು ಪದರಕ್ಕೂ ಒಂದೊಂದು ಬಣ್ಣದ ಮಸಿ, ಪಕ್ಕದಲ್ಲಿ ಆ ಮಣ್ಣು ತಂದ ಸೊಸೆಯ ಹೆಸರು, ಅವಳ ತವರೂರು. ಸಂಗಮ್ಮ, ಮಹಾಗಾಂವ. ಕಾಶಮ್ಮ, ಚಿಂಚೋಳಿ. ನೀಲಮ್ಮ, ಆಳಂದ. ಹಿರಿಸೊಸೆಯರ ಪದರಗಳ ಮೇಲೆ ಕೊನೆಯ ತೆಳು ಪದರ ಕಿರಿಸೊಸೆಯದು: ಶಿವಲೀಲಾ, ಹುಮನಾಬಾದ.

ಭಾನುವಾರ ಐವತ್ತು ಜನ ಬಂದಾರು ಎಂದುಕೊಂಡಿದ್ದೆವು. ಇನ್ನೂರರ ಮೇಲೆ ಬಂದರು. ಹುಮನಾಬಾದ್ ರಸ್ತೆಯ ಬಸ್ಸುಗಳಿಂದ ಇಳಿದರು, ಟೆಂಪೋ ಮಾಡಿಕೊಂಡು ಬಂದರು. ಶಾಹಿದಾ ತನ್ನ ಅತ್ತೆಯ ಜೊತೆ ಬಂದಿದ್ದಳು, "ನಮ್ಮ ಮನಿ ನೀವು ನೋಡಿದ್ರಿ, ಈಗ ನಮ್ಮ ಪಾಳಿ," ಎನ್ನುತ್ತ. ಚಳಿ ಬಿಟ್ಟು ಬಿಸಿಲು ಹಿತವಾಗಿತ್ತು. ಅಂಗಳದಲ್ಲಿ ದೊಡ್ಡ ಬುಟ್ಟಿಗಳ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟಿದ್ದರು, ಬಂದವರಿಗೆಲ್ಲ ಒಂದೊಂದು.

ಕೆತ್ತನೆಯ ಕಂಬ, ನೆಲದೊಳಗೆ ಕಾಳು ತುಂಬಿಡುವ ಹಗೇವು, ಬಾವಿ ಎಲ್ಲಕ್ಕಿಂತ ಹೆಚ್ಚು ಜನ ಮುತ್ತಿದ್ದು ನನ್ನ ನಕ್ಷೆಗೆ. ಹೆಂಗಸರು ಹೆಸರುಗಳನ್ನು ಗಟ್ಟಿಯಾಗಿ ಓದಿಸಿಕೊಂಡು ಕೇಳಿದರು.

"ಹೆಣ್ಮಕ್ಕಳ ಹೆಸರು ಗ್ವಾಡಿ ಮ್ಯಾಲ ಹಿಂಗ ಬರದದ್ದು ನಾ ಎಲ್ಲೂ ನೋಡಿಲ್ಲ ಬಿಡವ್ವ."

"ನಿಮ್ಮತ್ತಿ ಹೆಸರು ಬರಸ್ತೀ ಏನು?"

"ಆಕಿ ಮಣ್ಣೇನು ಹಾಕ್ಯಾಳ? ನನ್ನ ಬಾಯಾಗ ಹಾಕ್ಯಾಳ!"

ನಗು. ನಾನು ಒಂದು ಕಂಬಕ್ಕೆ ಒರಗಿ ಅದನ್ನೆಲ್ಲ ಕೇಳುತ್ತ ನಿಂತಿದ್ದೆ. ಆಗ ಗಂಗವ್ವ ಬಂದರು.

ಗಂಗವ್ವ ಗೌಡರ ತಂಗಿ, ಕಾಶಮ್ಮನ ಮಗಳು. ಐವತ್ತರ ಹೆಂಗಸು. ಗಂಡ ತೀರಿ ಎರಡು ವರ್ಷವಾಗಿತ್ತು. ಅಂದಿನಿಂದ ತವರಿಗೆ ಬಂದಿದ್ದೇ ಅದು ಮೊದಲ ಸಲ ಎಂದು ನನಗೆ ಆಮೇಲೆ ತಿಳಿಯಿತು. ಬರಿಗೈ, ಬರಿ ಹಣೆ, ತಲೆ ತುಂಬ ಸೆರಗು. ನಕ್ಷೆಯಲ್ಲಿ ತಾಯಿಯ ಹೆಸರಿನ ಮೇಲೆ ಬೆರಳಿಟ್ಟು, ಮುಟ್ಟಬಾರದೇನೋ ಎಂಬಂತೆ ಹಿಂದಕ್ಕೆಳೆದರು.

"ನಮ್ಮವ್ವನ ಮಣ್ಣು ಮ್ಯಾಲ ಖರೇನ ಕಾಣ್ತದ ಏನ್ರಿ ಮಾಸ್ತರ?"

"ಕಾಣ್ತದವ್ವ."

"ನಾ ಈ ಮನ್ಯಾಗ ಹುಟ್ಟೀನಿ. ನನಗ ಯಾರೂ ತೋರಿಸಿಲ್ಲ. ಸೊಸಿಯಂದ್ರಿಗೆ ತೋರಸ್ತಾರ. ಮಗಳು ಅಂದ್ರ ಹೋಗಾಕಿ ಅಲ್ಲ." ಮೆಟ್ಟಿಲಿನ ಕಡೆ ತಿರುಗಿ, "ಒಂದ್ಸಲ ನೋಡಿ ಇಳೀತೀನಿ," ಎಂದರು.

ನಾನು ಹಗ್ಗ ಬಿಚ್ಚಿದೆ. ಒಬ್ಬ ಹೆಂಗಸಿನ ಭಾರ ಆ ತೊಲೆಗೆ ಏನೂ ಅಲ್ಲ, ಅದು ನಿಜ. ಅವರನ್ನು ಮೇಲೆ ಕರೆದೊಯ್ದು ಬೆಳಕಿಂಡಿಯ ಹತ್ತಿರ ಕೂರಿಸಿ ಪದರ ತೋರಿಸಿದೆ. ಅವರು ಅಂಗೈಯನ್ನು ಅದರ ಮೇಲಿಟ್ಟರು. ಅಲ್ಲಿ ನಿಲ್ಲುವುದು ಸರಿಯಲ್ಲ ಎನಿಸಿ ನಾನು ಇಳಿದೆ. ಇಳಿಯುವಾಗ ಮೆಟ್ಟಿಲಲ್ಲಿ ಇಬ್ಬರು ಹೆಂಗಸರು ಎದುರು ಹತ್ತುತ್ತಿದ್ದರು. ಗೋಡೆಗೆ ಆತು ದಾರಿ ಕೊಟ್ಟೆ. ಕೆಳಗೆ ಬಂದರೆ ಬಾಗಿಲಲ್ಲಿ ಸಾಲು ನಿಂತಿತ್ತು. "ಮಾಸ್ತರ, ನೀವು ಬರದಿದ್ದು ನಾವೂ ನೋಡ್ತೀವಿ," ಎಂದರು. ತಡೆದೆ ಎಂದು ಬರೆದರೆ ಸುಳ್ಳಾಗುತ್ತದೆ. "ಸಾಕು, ಸಾಕು" ಎಂದೆ; ಆದರೆ ನಗುತ್ತ ಅಂದೆ. ನನ್ನ ಚಟದಂತೆ ಎಣಿಸುವುದನ್ನು ಮಾತ್ರ ಬಿಡಲಿಲ್ಲ. ಗಂಗವ್ವನನ್ನು ಸೇರಿಸಿ ಇಪ್ಪತ್ತೇಳು ಜನ ಮೇಲೆ ಹೋದರು. ಆಮೇಲೆ ಎಚ್ಚರವಾಗಿ ಹಗ್ಗ ಕಟ್ಟಿದೆ. ಅಷ್ಟರಲ್ಲಿ ಖಾದ್ರಿ ಸಾಹೇಬರು ದೂರದಿಂದ ನನ್ನನ್ನು ನೋಡಿದರು, ಮಾಳಿಗೆಯನ್ನು ನೋಡಿದರು. ಅವರ ಮುಖ ಬೂದಿಯಾಯಿತು.

ಆ ಕ್ಷಣದಲ್ಲಿ ಪಡಸಾಲೆಯೊಳಗೆ ಕಿರಿಸೊಸೆ ಶಿವಲೀಲಾ ಬಾಳೆಹಣ್ಣಿನ ತಾಟು ಹಿಡಿದು ಜನರ ನಡುವೆ ತಿರುಗುತ್ತಿದ್ದಳು. ಹಣ್ಣಿನ ಮೇಲೆ ಮಣ್ಣು ಬಿತ್ತು. ಸೆರಗಿನಿಂದ ಒರೆಸಿದಳು. ಮತ್ತೆ ಬಿತ್ತು. ತಾಟನ್ನು ಹಾಗೇ ಹೊರಗೆ ತಂದು ಅತ್ತೆಯ ಮುಂದೆ ಹಿಡಿದಳು. ಗೌಡಶಾನಿ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಹಸಿ ಇತ್ತು. ಬಾಗಿಲಿಂದ ಒಳಗೆ ತಲೆ ಹಾಕಿ ಮೇಲೆ ನೋಡಿದರು. ಆಚೆ ಕಡೆಯ ಎರಡು ಅಂಕಣದ ನಡುವಿನ ತೊಲೆ ಬಾಗಿತ್ತು. ನಾನು ಹಿಂದೆಯೇ ಇದ್ದೆ, ನನಗೂ ಕಂಡಿತು.

"ಕೂಗಲೇನ್ರಿ?" ಎಂದೆ.

"ಕೂಗಿದ್ರ ಓಡ್ತಾರ. ಓಡಿದ್ರ ಬೀಳ್ತದ," ಎಂದರು. ಹಿರಿಮಗನನ್ನು ಕರೆದು, "ಪಡಸಾಲ್ಯಾಗ ಇದ್ದವರಿಗೆಲ್ಲ ಅಂಗಳದಾಗ ಚಹಾ ಕೊಡ್ತಾರ ಅಂತ ಹೇಳು. ನಕ್ಕೋತ ಹೇಳು," ಎಂದರು. ಸೊಸೆಗೆ, "ಜ್ವಾಳದ ಮೊರ ತಾ. ಓಡಬ್ಯಾಡ," ಎಂದರು.

ಪಡಸಾಲೆ ಖಾಲಿಯಾಯಿತು. ಚಹಾ ಎಂದರೆ ನಮ್ಮ ಜನ ಎರಡನೇ ಮಾತು ಕೇಳುವುದಿಲ್ಲ. ಗೌಡಶಾನಿ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತರು, ಮುಂದೆ ಮೊರದ ತುಂಬ ಜೋಳ, ಬುಟ್ಟಿ ಬಾಳೆಹಣ್ಣು. ಮೊದಲ ಸಲ ಅವರ ಗಟ್ಟಿ ದನಿ ಕೇಳಿದೆ.

"ಮ್ಯಾಲಿದ್ದ ಮುತ್ತೈದ್ಯಾರೆಲ್ಲ ಕೆಳಗ ಬರ್ರೆವ್ವ! ವಾಡೇಕ ಬಂದಾಕಿ ಉಡಿ ತುಂಬಿಸ್ಕೊಳ್ಳದ ಹೋಗಬಾರದು. ಒಬ್ಬೊಬ್ಬರ ಬರ್ರಿ. ಗದ್ದಲ ಮಾಡಿದ್ರ ಉಡಿ ಚೆಲ್ತದ. ಗಂಡಸರು ಗ್ವಾಡಿಗುಂಟ ನಿಂದ್ರಿ, ಹೆಣ್ಮಕ್ಕಳಿಗೆ ಹಾದಿ ಬಿಡ್ರಿ!"

ಈ ಸೀಮೆಯಲ್ಲಿ ಉಡಿ ತುಂಬುತ್ತೇನೆ ಎಂದು ಮನೆಯ ಹಿರಿಯಳು ಕರೆದರೆ ಯಾವ ಹೆಂಗಸೂ ಬರುವುದಿಲ್ಲ ಎನ್ನುವುದಿಲ್ಲ. ಹಾಗೆಯೇ ಯಾರೂ ನುಗ್ಗುವುದೂ ಇಲ್ಲ. ಒಬ್ಬೊಬ್ಬರೇ, ತಲೆ ಮೇಲೆ ಸೆರಗು ಎಳೆದುಕೊಂಡು, ಮೆಟ್ಟಿಲಿಳಿದು ಬಂದರು. ಹಗ್ಗವನ್ನು ನಾನು ಎರಡನೇ ಸಲ ಬಿಚ್ಚಿದ್ದೆ. ಪ್ರತಿಯೊಬ್ಬಳಿಗೂ ಐದು ಬೊಗಸೆ ಜೋಳ, ಎರಡು ಹಣ್ಣು. ಒಂದು ಬೊಗಸೆಯೂ ಕಡಿಮೆ ಮಾಡಲಿಲ್ಲ. ಶಾಹಿದಾ ಮೆಟ್ಟಿಲ ಬಾಗಿಲಲ್ಲಿ ನಿಂತು, "ನಂದೂ ತುಂಬ್ತೀರೇನಮ್ಮಾ?" ಎಂದಳು.

"ನಿಂದ್ಯಾಕ ಬ್ಯಾಡ? ಗಂಡ ಮನ್ಯಾಗ ಇದ್ದಾನಲ್ಲ? ಸೆರಗಿಲ್ಲಂದ್ರ ಓಢಣಿ ಹಿಡಿ, ಬಾ."

ಖಾದ್ರಿ ಸಾಹೇಬರಿಗೆ ಅರ್ಥವಾಗಿತ್ತು. ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನ ಗಂಡಸರಿಗೆ, "ಗ್ವಾಡಿ ಬಿಡಬ್ಯಾಡ್ರಿ ಭಾಯಿ, ನಡುವ ಬಂದ್ರ ಗೌಡಶಾನಿ ಬೈತಾರ," ಎಂದು ಚೇಷ್ಟೆಯ ದನಿಯಲ್ಲಿ ಹೇಳುತ್ತಲೇ ಇದ್ದರು. ಅವರ ಕುತ್ತಿಗೆಯಲ್ಲಿ ಬೆವರು ಹರಿಯುತ್ತಿತ್ತು. ಹೆಂಗಸರ ಹಿಂದೆ ಗಂಡಸರೂ ಇಳಿದರು. ನಾನು ಎಣಿಸುತ್ತಿದ್ದೆ. ಇಪ್ಪತ್ತಾರು.

ಮತ್ತೆ ಯಾರೂ ಬರಲಿಲ್ಲ.

ಗೌಡಶಾನಿ ನನ್ನ ಕಡೆ ನೋಡಿದರು. ನಾನು ಒಂದು ಬೆರಳೆತ್ತಿದೆ. ಯಾರೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮುತ್ತೈದೆಯರು ಬನ್ನಿ ಎಂದು ಕರೆದಾಗ ಗಂಡ ಸತ್ತವಳು ಏನು ಮಾಡುತ್ತಾಳೆ? ಯಾರೂ ಹೇಳದೆಯೇ ಪಕ್ಕಕ್ಕೆ ಸರಿಯುತ್ತಾಳೆ. ಗಂಗವ್ವ ಬೆಳಕಿಂಡಿಯ ಆಚೆ ಬದಿಗೆ, ಆ ಬಾಗಿದ ಅಂಕಣಗಳ ಆಚೆ ಮೂಲೆಗೆ ಸರಿದು ನಿಂತಿದ್ದರು, ಬೇರೆಯವರ ಶುಭಕ್ಕೆ ತಾನು ಅಡ್ಡವಾಗದ ಹಾಗೆ. ಅಂಗಳದಿಂದ ಅವರ ಸೆರಗು ಮಾತ್ರ ಕಾಣುತ್ತಿತ್ತು.

"ಗಂಗವ್ವಾ, ಕೆಳಗ ಬಾ."

"ನೀವು ಮುಗಿಸ್ರಿ ವೈನಿ. ನಾ ಆಮ್ಯಾಲ ಬರ್ತೀನಿ," ಎಂದು ಅತ್ತಿಗೆಗೆ ಮೇಲಿಂದಲೇ ಉತ್ತರ ಬಂತು.

"ಉಡಿ ತುಂಬ್ತೀನಿ, ಬಾ."

ಅಂಗಳದ ಇನ್ನೂರು ಜನರ ಚಹಾದ ಬಟ್ಟಲುಗಳು ಬಾಯಿಗೂ ಕೈಗೂ ನಡುವೆ ನಿಂತಿದ್ದವು.

"ಚೇಷ್ಟಾ ಮಾಡಬ್ಯಾಡ್ರಿ ವೈನಿ. ನನಗ್ಯಾಕ ಉಡಿ?"

"ನಿಮ್ಮವ್ವನ ಜ್ವಾಳ ಇದು, ನಿಮ್ಮಪ್ಪನ ಹೊಲದ್ದು. ನಿನ್ನ ಗಂಡ ತಂದುಕೊಟ್ಟಿದ್ದಲ್ಲ, ಅವನ ಕೂಡ ಹೋಗಾಕ. ಬಾ."

"ಜನ ಏನಂತಾರ?"

ಗೌಡಶಾನಿ ಜೋಳದ ಮೊರ ಎತ್ತಿಕೊಂಡು ಎದ್ದು ನಿಂತರು. "ಜನ ನನ್ನ ಮನಿ ನೋಡಾಕ ಬಂದಾರ. ನೋಡ್ಲಿ. ನೀ ಬರ್ತೀಯೋ, ನಾ ಮ್ಯಾಲ ಬರಲೋ?" ಎಂದು ಎರಡು ಹೆಜ್ಜೆ ಮೆಟ್ಟಿಲಿನ ಕಡೆ ಇಟ್ಟರು. ಅವರು ನಿಜವಾಗಿಯೂ ಹತ್ತುತ್ತಿದ್ದರು. ನನಗೆ ಇವತ್ತಿಗೂ ಅದರಲ್ಲಿ ಸಂಶಯವಿಲ್ಲ.

"ಬಂದೆ, ಬಂದೆ, ನಿಂದ್ರಿ."

"ನಡುವ ಬರಬ್ಯಾಡ. ಗ್ವಾಡಿ ಮ್ಯಾಲ ಕೈ ಇಟ್ಕೊಂಡು, ಸುತ್ತು ಹಾಕಿ ಬಾ. ಸಣ್ಣಾಕಿದ್ದಾಗ ಪಡಸಾಲ್ಯಾಗ ಕಣ್ಣು ಮುಚ್ಚಿ ಆಡ್ತಿದ್ದಿಯಲ್ಲ, ಹಂಗ."

ಸೆರಗು ಮಾಳಿಗೆಯ ಕೈಗೋಡೆಯ ಉದ್ದಕ್ಕೂ ನಿಧಾನ ಸರಿಯಿತು. ನಾನು ಹೆಜ್ಜೆ ಎಣಿಸಲಿಲ್ಲ. ಮೆಟ್ಟಿಲ ಬಾಗಿಲಲ್ಲಿ ಗಂಗವ್ವ ಕಂಡಾಗ ಖಾದ್ರಿ ಸಾಹೇಬರು ಅವರ ಮೊಣಕೈ ಹಿಡಿದು ಅಂಗಳಕ್ಕೆ ತಂದರು. ಬೇರೆ ದಿನವಾಗಿದ್ದರೆ ಹಾಗೆ ಮುಟ್ಟುತ್ತಿರಲಿಲ್ಲ.

ಗಂಗವ್ವ ಚಾಪೆಯ ಮೇಲೆ ಕೂತು, ತಲೆ ಬಗ್ಗಿಸಿ, ಸೆರಗು ಒಡ್ಡಿದರು. ಒಂದು ಬೊಗಸೆ. ಎರಡು. ಮೂರನೇ ಬೊಗಸೆ ಕೈಯಲ್ಲಿದ್ದಾಗ ಪಡಸಾಲೆಯ ಒಳಗಿಂದ ಒಣ ಕಟ್ಟಿಗೆ ಸೀಳಿದ ಸಪ್ಪಳ ಬಂತು. ಆಮೇಲಿನದು ಸಪ್ಪಳ ಅಲ್ಲ, ನೆಲದಿಂದ ಕಾಲಿಗೆ ಬಂದ ಪೆಟ್ಟು. ಆಚೆಯ ಎರಡು ಅಂಕಣ ಒಟ್ಟಿಗೆ ಕೂತವು. ಬಾಗಿಲು, ಕಿಟಕಿ, ಬೆಳಕಿಂಡಿ ಎಲ್ಲದರಿಂದ ಧೂಳು ಹೊರಬಂತು, ಅಂಗಳ ತುಂಬಿತು, ಬಿಸಿಲು ಮಾಯವಾಯಿತು. ಬೇವಿನ ಸೊಪ್ಪು, ಗೆದ್ದಲ ಕಟ್ಟಿಗೆ, ಮಣ್ಣು. ಆ ವಾಸನೆ.

ಯಾರೋ ಚೀರಿದರು. ಯಾರೋ ದೇವರ ಹೆಸರು ಹೇಳಿದರು. ಧೂಳಿನೊಳಗಿಂದ ನನಗೆ ಒಂದು ದನಿ ಸ್ಪಷ್ಟವಾಗಿ ಕೇಳಿತು. "ಅಲುಗಬ್ಯಾಡ, ಇನ್ನ ಎರಡವ." ಧೂಳು ಕೂತಾಗ ಗೌಡಶಾನಿ ಐದನೇ ಬೊಗಸೆ ಮುಗಿಸಿ ಎರಡು ಹಣ್ಣು ಇಡುತ್ತಿದ್ದರು. ಇಬ್ಬರ ತಲೆಯೂ ಮಣ್ಣಿನಿಂದ ಒಂದೇ ಬಣ್ಣವಾಗಿತ್ತು. ಕುಂಕುಮ ಹಚ್ಚಿದರೋ ಇಲ್ಲವೋ ನಾನು ನೋಡಲಿಲ್ಲ. ಆಮೇಲೆ ಅದರ ಬಗ್ಗೆ ಊರಲ್ಲಿ ಬಹಳ ಮಾತಾಯಿತು. ನೋಡದ್ದನ್ನು ನಾನು ಬರೆಯಲಾರೆ.

ಯಾರಿಗೂ ಗಾಯವಿಲ್ಲ. ಉಳಿದ ಮೂರು ಅಂಕಣ ನಿಂತಿದ್ದವು. ನನ್ನ ನಕ್ಷೆ ನಿಂತ ಗೋಡೆಯ ಮೇಲೆ ಹಾಗೇ ತೂಗುತ್ತಿತ್ತು. ನಾನು ಅದಕ್ಕೆ ಬೆನ್ನು ತಿರುಗಿಸಿ ನಿಂತೆ.

ಸಂಜೆಗೆ ಜನ ಹೋದ ಮೇಲೆ ಗೌಡಶಾನಿಯ ಮುಂದೆ ನಿಂತು ಹೇಳಿದೆ: ಹಗ್ಗ ಬಿಚ್ಚಿದ್ದು ನಾನು. ಗೌಡರು ಕೇಳುತ್ತಿದ್ದರು, ಮಕ್ಕಳು ಕೇಳುತ್ತಿದ್ದರು. ಗೌಡಶಾನಿ ಸೆರಗಿನ ಧೂಳು ಕೊಡವುತ್ತ, "ನೀವು ಒಂದು ಹಗ್ಗ ಬಿಚ್ಚಿದ್ರಿ. ನಾವು ನೂರು ವರ್ಷ ಮಣ್ಣು ಹಾಕಿದ್ವಿ," ಎಂದರು. ಬಿದ್ದ ರಾಶಿಯ ಕಡೆ ತಿರುಗಿ, "ನಾ ಮುತ್ತೈದ್ಯಾರು ಅಂತ ಕರದೆ. ಅದು ಯಾರ ತಪ್ಪು?" ಎಂದರು. ನನ್ನನ್ನು ಕೇಳಿದ್ದಲ್ಲ.

ಆ ರಾಶಿಯನ್ನು ತೆಗೆಯಲು ಹನ್ನೊಂದು ದಿನ ಹಿಡಿಯಿತು. ಖಾದ್ರಿ ಸಾಹೇಬರು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ನಿಂತು ತೆಗೆಸಿದರು. ಉಳಿದ ಮೂರು ಅಂಕಣದ ಮಣ್ಣನ್ನೂ ಇಳಿಸಬೇಕಾಯಿತು. ಅದಕ್ಕೆ ಮನೆಯ ಹೆಂಗಸರೇ ಬುಟ್ಟಿ ಹಿಡಿದರು. ಶಿವಲೀಲಾ ತನ್ನದನ್ನು, ಹಿರಿಸೊಸೆಯರು ತಮ್ಮದನ್ನು ಕೆರೆದರು. ಗೌಡಶಾನಿ ತಮ್ಮದನ್ನು. ಕಾಶಮ್ಮನ ಪದರ ಬಂದಾಗ ಎಲ್ಲರೂ ನಿಂತರು. ಗೌಡಶಾನಿ ಬುಟ್ಟಿಯನ್ನು ಗಂಗವ್ವನ ಕೈಗೆ ಕೊಟ್ಟು, "ಸೊಸಿ ಕೆರೀಬಾರದು. ಮಗಳು ಕೆರೀಬಹುದು," ಎಂದರು. ಆ ಮಣ್ಣಿನಿಂದಲೇ ಬೇವಿನ ಮರದ ಸುತ್ತ ಕಟ್ಟೆ ಕಟ್ಟಿಸಿದರು. ಆ ವರ್ಷ ಗಂಗವ್ವ ಯುಗಾದಿಯ ತನಕ ತವರಿನಲ್ಲಿ ಉಳಿದರು.

ಇನ್ನು ಯಾರೂ ನಮಗೆ ಬಾಗಿಲು ತೆಗೆಯುವುದಿಲ್ಲ ಎಂದು ಸಾಹೇಬರು ಕೊರಗಿದ್ದರು. ಮರುವರ್ಷ ದೀಪಾವಳಿ ಕಳೆದ ಮೇಲೆ ಕಮಲಾಪುರದಿಂದ ಒಬ್ಬ ಆಳು ಬಾಳೆಗೊನೆ ಹೊತ್ತು ಬಂದ. ಗೌಡಶಾನಿ ಹೇಳಿ ಕಳಿಸಿದ್ದು ಇಷ್ಟೇ: "ಈ ವರ್ಷನೂ ಜನ ಕರ್ಕೊಂಡು ಬರ್ರಿ. ಮಾಳಿಗಿ ಹಗುರ ಆಗ್ಯದ." ಹೋದೆವು. ನಾನು ಹಗ್ಗ ಕಟ್ಟಿ, ಆ ಬಾಗಿಲ ಮುಂದೆಯೇ ಇಡೀ ದಿನ ನಿಂತೆ. ಗೌಡಶಾನಿ ಮತ್ತೆ ಚಾಪೆ ಹಾಸಿ ಉಡಿ ತುಂಬಿದರು. ಈ ಸಲ ಕರೆಯುವಾಗ, "ಹೆಣ್ಮಕ್ಕಳೆಲ್ಲ ಬರ್ರೆವ್ವ" ಎಂದರು.

ಖಾದ್ರಿ ಸಾಹೇಬರು ತೊಂಬತ್ತೆಂಟನೇ ಇಸವಿಯಲ್ಲಿ ಹೋದರು. ಗೌಡಶಾನಿ ಎರಡು ಸಾವಿರದ ಆರರಲ್ಲಿ. ಗೌಡರೂ ಇಲ್ಲ, ಹಿರಿಮಗನೂ ಇಲ್ಲ. ನಾನು ಹೇಳಿದ್ದು ನಂಬಿಕೆಯಾಗದವರು ಬದುಕಿರುವ ಈ ಮೂವರನ್ನು ಕೇಳಬಹುದು. ಶಿವಲೀಲಾ ಕಮಲಾಪುರದಲ್ಲೇ ಇದ್ದಾರೆ, ಅದೇ ವಾಡೆಯಲ್ಲಿ. ಹಣ್ಣಿನ ಮೇಲೆ ಬಿದ್ದ ಮೊದಲ ಹಿಡಿ ಮಣ್ಣನ್ನು ಕಂಡವರು ಅವರು. ರೋಜಾದಲ್ಲಿ ಶಾಹಿದಾ ಇದ್ದಾರೆ. ಆ ದಿನದ ಓಢಣಿಯ ಕೆಂಪು ಮಣ್ಣಿನ ಕಲೆ ಹೋಗಲೇ ಇಲ್ಲ ಎನ್ನುತ್ತಾರೆ. ಗಂಗವ್ವ ಇದ್ದಾರೆ. ಎಂಬತ್ತೇಳು ದಾಟಿದೆ, ಕಣ್ಣು ಮಂಜಾಗಿದೆ, ಮೊಮ್ಮಗನ ಮನೆಯಲ್ಲಿ ಇರುತ್ತಾರೆ. ಈಗಲೂ ನಡೆಯುವಾಗ ಕೋಲು ಹಿಡಿಯುವುದಿಲ್ಲ. ಗೋಡೆಯ ಮೇಲೆ ಕೈ ಇಟ್ಟುಕೊಂಡು, ಸುತ್ತು ಹಾಕಿ ಬರುತ್ತಾರೆ.